ಇಪ್ಪತ್ತನೆಯ ಹಾಳೆ

ಅಕ್ಕ ಹೋಗಿ ಎರಡು ತಿಂಗಳಾದರೂ ನನಗೆ ಅಳು ಬಂದಿರಲಿಲ್ಲ. ಜನ ಕಲ್ಲೆದೆಯವಳು ಎಂದುಕೊಂಡರೋ ಏನೋ, ಎಂದುಕೊಳ್ಳಲಿ. ಉಂಡದ್ದರ ಉಪ್ಪು ಖಾರ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಸುತ್ತಲಿನ ಊರುಗಳ ಅಚ್ಚುಚಿತ್ರದವರೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತೇವೆ. ಈ ಸಲ ಒಂದು ಶಾಲೆಯ ಸಭಾಂಗಣ. ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಚಿತ್ರಗಳು, ಸೀಮೆಎಣ್ಣೆ ವಾಸನೆ, ಎಲ್ಲರ ಉಗುರಲ್ಲೂ ಶಾಯಿ. ಕೊನೆಯ ದಿನ ಒಂದು ಪದ್ಧತಿ ಇದೆ. ಯಾರ ಮರದಚ್ಚಿನಿಂದ ಹೇಳಿದಷ್ಟು ಪ್ರತಿ ತೆಗೆದಾಯಿತೋ, ಆ ಅಚ್ಚಿಗೆ ಎಲ್ಲರೆದುರು ಉಳಿಯಿಂದ ಅಡ್ಡಗೀಟು ಎಳೆಯಬೇಕು. ಆಮೇಲೆ ಅದರಿಂದ ಯಾರೂ ಕಳ್ಳಪ್ರತಿ ತೆಗೆಯುವ ಹಾಗಿಲ್ಲ.

ಅಕ್ಕನ ಕೊನೆಯ ಅಚ್ಚು ನನ್ನದೇ ಮುಖ. ಕೆತ್ತುವುದು ಅವಳು, ಶಾಯಿ ಹಚ್ಚಿ ಮುದ್ರಿಸುವುದು ನಾನು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಹಾಸಿಗೆ ಹಿಡಿದಾಗ ಅವಳೊಂದು ಎಡವಟ್ಟು ಮಾಡಿದಳು. ಇಪ್ಪತ್ತು ಖಾಲಿ ಹಾಳೆಗಳ ಕೆಳಅಂಚಿನಲ್ಲಿ ಪೆನ್ಸಿಲ್‌ನಿಂದ ಸಂಖ್ಯೆ ಬರೆದು ಸಹಿ ಹಾಕಿಬಿಟ್ಟಳು.

"ಮುದ್ರಿಸೋಕೆ ಮುಂಚೆ ಯಾರಾದ್ರೂ ಸಹಿ ಹಾಕ್ತಾರೇನೇ ಅಕ್ಕಾ?" ಎಂದಿದ್ದೆ.

"ನಿನ್ನ ಕೈ ಮೇಲೆ ನಂಬಿಕೆ ಕಣೆ. ಹಾಳೆ ಇಡೋವಾಗ ಮಾತ್ರ ಸಹಿ ಯಾವ ಕಡೆ ಇದೆ ನೋಡ್ಕೋ, ಮಂಕೇ."

ಹತ್ತೊಂಬತ್ತು ಮುದ್ರಿಸಿದೆ. ಇಪ್ಪತ್ತನೆಯದನ್ನು ಕಪಾಟಿನಲ್ಲಿಟ್ಟೆ. ಅದು ಖಾಲಿ ಇರುವವರೆಗೆ ಅಕ್ಕನದೊಂದು ಕೆಲಸ ಬಾಕಿ ಇದ್ದಂತೆ. ಅದು ಮುಗಿಯುವುದು ನನಗೆ ಬೇಡವಾಗಿತ್ತು.

"ಇನ್ನೆಷ್ಟು ದಿನ ಬಚ್ಚಿಟ್ಕೋತೀಯಮ್ಮಾ? ಇವತ್ತು ಮುಗಿಸಿಬಿಡು," ಎಂದರು ಮೇಷ್ಟ್ರು. ನಮ್ಮಿಬ್ಬರಿಗೂ ಕಲಿಸಿದವರು, ಅವರ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ. ಅವರು ಹೇಳಿಕಳಿಸಿದ್ದಕ್ಕೇ ಅಚ್ಚಿನ ಜೊತೆ ಆ ಹಾಳೆಯನ್ನೂ ತಂದಿದ್ದೆ.

ಎಲ್ಲರೂ ಪ್ರೆಸ್ಸಿನ ಸುತ್ತ ನಿಂತರು. ಶಾಯಿ ಹಚ್ಚಿದೆ, ಹಾಳೆ ಮಗುಚಿ ಇಟ್ಟೆ, ಹಿಡಿ ತಿರುಗಿಸಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ನಾನು ಎಲ್ಲೋ ಇದ್ದೆ. ಹಾಳೆ ಎತ್ತಿದಾಗ ಯಾರೋ "ಅಯ್ಯೋ" ಎಂದರು.

ಸಹಿ ಚಿತ್ರದಲ್ಲಿನ ನನ್ನ ತಲೆಯ ಮೇಲ್ಗಡೆ ಉಲ್ಟಾ ಇತ್ತು. ಹಾಳೆ ಮಗುಚುವ ಮುಂಚೆ ನಾನು ನೋಡಿಯೇ ಇರಲಿಲ್ಲ. ಹತ್ತೊಂಬತ್ತು ಸಲ ತಪ್ಪದ ಕೈ!

"ಹೋಗ್ಲಿ ಬಿಡು," ಮೇಷ್ಟ್ರು ಮೆಲ್ಲಗೆ ಹೇಳಿದರು. "ಅದನ್ನ ಒರೆಸಿ ಕೆಳಗೆ ನೀನೇ ಬರೆದುಬಿಡು. ಇಲ್ಲಾಂದ್ರೆ ಕೆಟ್ಟ ಪ್ರತಿ ಅಂತ ಹರೀಬೇಕಾಗುತ್ತೆ, ನಿಯಮ ನಿಂಗೇ ಗೊತ್ತಲ್ಲ." ರಬ್ಬರನ್ನು ಕೈಗಿಟ್ಟರು.

ರಬ್ಬರನ್ನು ಸಹಿಯ ಹತ್ತಿರ ಒಯ್ದೆ. ಅಕ್ಕ ಹಾಸಿಗೆಯಲ್ಲೇ ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಬರೆದದ್ದು ಅದು. ಇಪ್ಪತ್ತನೆಯದರ ಹೊತ್ತಿಗೆ ಕೈ ಸೋತು, ಕೊನೆಯ ಅಕ್ಷರ ಕೆಳಕ್ಕೆ ಜಾರಿತ್ತು.

"ಒರೆಸಲ್ಲ," ಎಂದೆ. "ಹರಿಯೋದೂ ಇಲ್ಲ."

"ನಿಯಮ..."

"ನಿಯಮಾನಾ? ಖಾಲಿ ಹಾಳೆಗೆ ಸಹಿ ಹಾಕಿದಾಗಲೇ ಅವಳು ಮುರಿದಿದ್ಳು, ಮೇಷ್ಟ್ರೇ."

ರಬ್ಬರನ್ನು ಅವರ ಕೈಗೇ ವಾಪಸ್ ಇಟ್ಟೆ. ಉಳಿ ತೆಗೆದುಕೊಂಡು ಅಚ್ಚಿನ ಮೇಲೆ ಕಿವಿಯಿಂದ ಗಲ್ಲದವರೆಗೆ ಗೀಟು ಎಳೆದೆ. ಜೀವಮಾನದಲ್ಲಿ ನಾನು ಕೆತ್ತಿದ್ದು ಅದೊಂದೇ ಗೆರೆ. ನನ್ನ ಮುಖವೇ ಆದರೂ ಏನೂ ಅನ್ನಿಸಲಿಲ್ಲ. ಮರದ ಪುಡಿಯನ್ನು ಊದಿ, ಅಚ್ಚನ್ನು ಪಕ್ಕಕ್ಕಿಟ್ಟೆ.

ಆಮೇಲೆ ಹಾಳೆಯನ್ನು ಹಗ್ಗಕ್ಕೆ ಸಿಕ್ಕಿಸಿದೆ. ನೋಡಲು ಬಂದಿದ್ದ ಹೆಂಗಸೊಬ್ಬರು ಕತ್ತು ವಾಲಿಸಿ ನೋಡಿ ನಕ್ಕರು.

"ಚಿತ್ರ ತಲೆಕೆಳಗಾಗಿ ಹಾಕಿದೀರಲ್ಲಮ್ಮಾ."

"ಇಲ್ಲ, ಸಹಿ ನೋಡಿ, ನೆಟ್ಟಗಿದೆ," ಎಂದೆ. "ಅಕ್ಕ ನೆಟ್ಟಗೇ ಇದಾಳೆ. ತಲೆಕೆಳಗಾಗಿರೋದು ನಾನು."

ಆ ಮಾತು ನನ್ನ ಕಿವಿಗೇ ಬಿದ್ದಿದ್ದೇ ತಡ, ಎರಡು ತಿಂಗಳ ಅಳು ಒಟ್ಟಿಗೇ ಬಂತು. ಶಾಯಿ ಕೈಯಲ್ಲೇ ಕಣ್ಣೊರೆಸಿಕೊಂಡೆ.