ಐದರ ಮೇಲಿನ ತಾಸು

ಐದು ಬಡಿದ ಮೇಲೆ ಒಂದು ತಾಸು ನನ್ನದು. ಅದನ್ನು ಯಾರಿಗೂ ಕೊಡುವುದಿಲ್ಲ ಅಂತ ನಾನು ಹಟ ಹಿಡಿದಿದ್ದೆ.

ಸಿಂದಗಿ ತಾಲೂಕಿನ ನಮ್ಮೂರ ದನದ ದವಾಖಾನಿಯಲ್ಲಿ ನಾನು ಸಿಪಾಯಿ. ಅದು ಕಾಗದದ ಮೇಲೆ. ಡಾಕ್ಟರು ಸಿಂದಗಿಯಿಂದ ವಾರಕ್ಕೆ ಎರಡು ದಿನ ಬರುತ್ತಾರೆ. ಉಳಿದ ದಿನ ಕಸ ಹೊಡೆಯುವವನೂ ನಾನೇ, ಸೂಜಿ ಕುದಿಸುವವನೂ ನಾನೇ, ಹುಳ ಬಿದ್ದ ಗಾಯದೊಳಗೆ ಬೆರಳು ಹಾಕಿ ಒಂದೊಂದೇ ಹುಳ ಹೆಕ್ಕುವವನೂ ನಾನೇ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ಹೊಟ್ಟೆಯೊಳಗೆ ಕರು ಅಡ್ಡ ತಿರುಗಿದ್ದರೆ ರಟ್ಟೆತನಕ ಕೈ ಹಾಕಿ ಸರಿ ಮಾಡುವುದನ್ನು ಯಾವ ಇಯತ್ತೆಯಲ್ಲಿ ಕಲಿಸುತ್ತಾರೆ ಹೇಳಿ? ದನ ಬದುಕಿದರೆ ಡಾಕ್ಟರ ಕೈಗುಣ. ಸತ್ತರೆ ಮಾತು ಬೇರೆ. "ಅವರಪ್ಪಗ ಚರ್ಮ ಬೇಕಾಗಿತ್ತು, ಅದಕ್ಕ ಸಾಯಿಸಿದ" ಅನ್ನುತ್ತಾರೆ. ನಾನಿನ್ನೂ ಅಲ್ಲೇ ಕೈ ತೊಳೆಯುತ್ತಿರುವಾಗಲೇ ಅನ್ನುತ್ತಾರೆ.

ಯಾಕೆಂದರೆ ಊರಲ್ಲಿ ಸತ್ತ ದನ ಎಳೆಯುವುದು ನಮ್ಮ ಕೇರಿಯ ಕೆಲಸ, ಅದರ ಪಾಳಿ ನಮ್ಮ ಮನೆಯದು. ನಮ್ಮಪ್ಪ ಚಂದ್ರಾಮ ಎಳೆದು ತರುತ್ತಾನೆ, ಕೊಯ್ಯುತ್ತಾನೆ, ಖಂಡ ಕೇರಿಗೆ ಹಂಚುತ್ತಾನೆ. ಚರ್ಮ ಹದ ಮಾಡಿ ದನದ ಮಾಲಕನಿಗೆ ಬಾರಕೋಲಿಗೆ ಬಾರು, ಹೊಲಕ್ಕೆ ಮಿಣಿಹಗ್ಗ ಮಾಡಿಕೊಡುತ್ತಾನೆ. ಹಗಲೆಲ್ಲ ನಾನು ಉಳಿಸಲು ಒದ್ದಾಡಿದ ದನ ಸಂಜೆಗೆ ನನ್ನ ಹಿಂದೆಯೇ ಮನೆಗೆ ಬರುತ್ತಿತ್ತು. ನಾನು ಸೋತ ದಿನ ನಮ್ಮ ಮನೆಯಲ್ಲಿ ಹಬ್ಬ.

ನೌಕರಿ ಸಿಕ್ಕ ವರ್ಷವೇ ಅಪ್ಪನಿಗೆ ಹೇಳಿದ್ದೆ. "ಇನ್ನ ಆ ಕತ್ತಿ ಒಗಿ."

"ಒಗೀತೇನಿ ತಮ್ಮಾ," ಅಂದಿದ್ದ ಅಪ್ಪ. "ನಾಳೆ ಊರಾಗ ನಿಂದ್ರಾಕ ಜಾಗಾ ಯಾರ ಕೊಡ್ತಾರ, ನಿಮ್ಮ ಡಾಕ್ಟರೇನು?"

ಅವತ್ತೇ ಆಣೆ ಮಾಡಿದೆ. ಅಪ್ಪ ಕತ್ತಿ ಬಿಡುವತನಕ ಈ ಮನೆಯಲ್ಲಿ ದನದ ಸುದ್ದಿ ಎತ್ತುವುದಿಲ್ಲ ಅಂತ. ಯಾರ ದನಕ್ಕೆ ಏನಾಯಿತು, ಯಾವುದು ಸತ್ತಿತು, ಯಾತರಿಂದ ಸತ್ತಿತು, ಒಂದು ಮಾತಿಲ್ಲ. ಎರಡು ವರ್ಷ ಆಣೆ ಮುರಿದಿರಲಿಲ್ಲ.

ಎಪ್ಪತ್ತಾರನೇ ಇಸವಿ, ಮುಂಗಾರಿ ಬಿತ್ತಿಗೆ ಮುಗಿದಿತ್ತು. ಮಧ್ಯಾಹ್ನ ಶ್ರೀಶೈಲಪ್ಪಗೌಡರ ಆಳು ಓಡಿಬಂದ. ನಾನು ಅವರ ದನದ ಮನೆ ಮುಟ್ಟುವಷ್ಟರಲ್ಲಿ ಎತ್ತು ಬಿದ್ದಿತ್ತು. ಸೂಜಿಗೆ ಔಷಧ ತುಂಬುವಷ್ಟರಲ್ಲಿ ಸತ್ತೇ ಹೋಯಿತು. ಮೂಗಿನಿಂದ ಡಾಂಬರಿನಂಥ ಕರಿ ರಕ್ತ ಇಳಿಯುತ್ತಿತ್ತು, ಹೆಪ್ಪುಗಟ್ಟಲಿಲ್ಲ. ಎತ್ತಿನ ಕಿವಿಯಿಂದ ಒಂದು ಹನಿ ರಕ್ತ ಗಾಜಿಗೆ ಹಚ್ಚಿಕೊಂಡೆ.

"ಗೌಡ್ರ, ಇದು ನೆರಡಿ ಬ್ಯಾನಿ ಐತ್ರಿ. ಕತ್ತಿ ಹಚ್ಚಬಾರದು. ಚರ್ಮಾ ಸೈತ ಬಿಚ್ಚಬಾರದು. ಆಳುದ್ದ ತಗ್ಗ ತೋಡಿ, ಸುಣ್ಣಾ ಹಾಕಿ ಹುಗೀಬೇಕು. ಕೊಯ್ದ ಮನಿಷಾ ಸಾಯ್ತಾನ್ರಿ."

"ಗಾಜಿನ ಮ್ಯಾಲ ಒಂದು ಹನಿ ರಕ್ತಾ ಇಟ್ಟಕೊಂಡು ಬ್ಯಾನಿ ಹೆಸರ ಹೇಳಾಕತ್ತಿ. ಡಾಕ್ಟರ ಯಾವಾಗ ಆದಿಲೇ ಮಾನ್ಯಾ?"

"ಡಾಕ್ಟರ್ ಸಾಹೇಬ್ರೇ ಬಂದು ಹೇಳ್ತಾರ್ರಿ. ಅಲ್ಲೀತನಕ ಕಾಯಬ್ಯಾಡ್ರಿ, ಹುಗದಬಿಡ್ರಿ."

ಗೌಡರು ಮೀಸೆ ತೀಡಿಕೊಂಡು ನನ್ನ ಮುಖ ನೋಡಿದರು. "ಆತು ಹೋಗಪಾ ಮಾನಪ್ಪಾ. ನಮ್ಮ ಆಳಮಕ್ಕಳನ್ನ ಹಚ್ಚಿ ಹುಗಸ್ತೇನಿ."

ಹೋಗಪಾ ಅಂದರು, ಮಾನಪ್ಪಾ ಅಂದರು. ಹುಟ್ಟಿದಾಗಿನಿಂದ ಮಾನ್ಯಾ ಅನ್ನಿಸಿಕೊಂಡವನು ಮಾನಪ್ಪಾ ಆದದ್ದಕ್ಕೆ ಉಬ್ಬಿಬಿಟ್ಟೆ. ಥೂ! ಆ ಒಂದು ಮಾತಿಗೆ ನಂಬಿದೆ.

ಗಾಜನ್ನು ಅರಿವೆಯಲ್ಲಿ ಸುತ್ತಿ ಆಲಮೇಲದಿಂದ ಬಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಿಂದಗಿಗೆ ಕಳಿಸಿದೆ. ತಿರುಗಿ ಬಂದರೆ ಒಂದು ಎಮ್ಮೆ ಈಯಲಾರದೆ ನಿಂತಿತ್ತು. ಎರಡು ತಾಸು ಒಳಗೆ ಕೈ. ಎಮ್ಮೆ ತಿಣುಕಿದಾಗಲೆಲ್ಲ ಮೊಳಕೈ ಮುರಿದು ಹೋಗುತ್ತದೆ ಅನಿಸಿತು. ಕರು ಸತ್ತು ಬಂತು, ಎಮ್ಮೆ ಉಳಿಯಿತು.

ಐದು ಬಡಿಯಿತು. ದವಾಖಾನಿ ಹಿಂದಿನ ಹೌದಿಯ ಹತ್ತಿರ ಬೇವಿನ ತಪ್ಪಲು ಹಾಕಿ ಕಾಯಿಸಿದ ನೀರಿನಿಂದ ಮೈ ತಿಕ್ಕಿಕೊಂಡೆ. ಖಾಕಿ ಅಂಗಿ ಗೂಟಕ್ಕೆ ಹಾಕಿ ಬಿಳಿ ಅಂಗಿ ತೊಟ್ಟೆ. ಇದು ದಿನದ ಪದ್ಧತಿ. ಆ ಗೂಟಕ್ಕೆ ಅಂಗಿಯ ಸಂಗಡ ಹೊಲಸು, ಬೈಗುಳ, ಸತ್ತ ಕರು ಎಲ್ಲ ತೂಗುಹಾಕಿ ಮಶಾಕಸಾಬನ ಹೋಟೆಲಿಗೆ ಹೋಗುತ್ತಿದ್ದೆ.

ಊರಲ್ಲಿ ಇನ್ನೊಂದು ಹೋಟೆಲಿದೆ. ಅಲ್ಲಿ ನಮ್ಮ ಕಪ್ಪು ಬಶಿ ಹೊರಗೆ ಗೋಡೆಯ ಮಾಡದಲ್ಲಿ ಇರುತ್ತವೆ. ನಾವೇ ತೆಗೆದುಕೊಂಡು, ನಿಂತು ಕುಡಿದು, ನಾವೇ ತೊಳೆದಿಡಬೇಕು. ಮಶಾಕಸಾಬನಲ್ಲಿ ಅದಿಲ್ಲ. ಬಾಕಿನ ಮೇಲೆ ಕೂಡ್ರುತ್ತೇನೆ, ಎಲ್ಲರ ಬಶಿಯೇ ನನ್ನ ಬಶಿ, ತೊಳೆಯುವವನು ಅವನು. ನನ್ನ ಇಡೀ ದಿನದಲ್ಲಿ ನಾನು ಮನುಷ್ಯನಾಗುವುದು ಆ ಒಂದು ತಾಸು.

"ಬಾರೋ ಡಾಕ್ಟರಾ! ಇವತ್ತ ಎಷ್ಟ ಎಮ್ಮಿ ಹೇತವು ನಿನ್ನ ಮ್ಯಾಲ?" ಅಂದ ಮಶಾಕಸಾಬ.

"ಒಂದ ಕಾಕಾ. ಆದ್ರ ಮನಸಿಟ್ಟು ಹೇತದ."

ಬಾಕಿನ ಮೇಲಿದ್ದವರು ನಕ್ಕರು. ನಾನೂ ನಕ್ಕೆ. ರೇಡಿಯೋದಲ್ಲಿ ಯಾರೋ ದನಕರುಗಳ ಆರೋಗ್ಯದ ಬಗ್ಗೆ ಹೇಳತೊಡಗಿದ.

"ಅದರ ಕಿವಿ ತಿರವು ಕಾಕಾ. ಇಲ್ಲೂ ದನಾನ ಕೇಳ್ಲೇನು?"

ಹಾಡು ಬಂತು. ಮೊದಲನೇ ಚಹಾ ಕುಡಿಯುವಾಗ, ಮನೆಗೆ ಹೋಗಿ ಅಪ್ಪನಿಗೆ ಒಂದು ಮಾತು ಹೇಳಿಬಿಡಲೇ ಅನಿಸಿತು. ಆಣೆ ಅಡ್ಡ ಬಂತು. ಗೌಡರು ಹುಗಿಸುತ್ತೇನೆ ಅಂದಿದ್ದಾರೆ, ಈಗ ಹೇಳಿದರೆ ನಾನು ಸೋತಂತೆ, ಅಪ್ಪ ಗೆದ್ದಂತೆ. ಮೊಳಕೈ ಸಿಡಿಯುತ್ತಿತ್ತು. "ಇನ್ನೊಂದ ಹಾಕು," ಅಂದೆ. ಅದು ಮುಗಿದ ಮೇಲೆ ಮತ್ತೊಂದು. ಹಾಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಹಾಯಾಗಿತ್ತು.

ಕೇರಿಯ ಬಾಯಿಗೆ ಬರುವಾಗಲೇ ಖಂಡ ಕುದಿಯುವ ವಾಸನೆ ಹೊಡೆಯಿತು. ಅಂಗಳದಲ್ಲಿ ಚರ್ಮ ಹರವಿತ್ತು. ಅಪ್ಪ ಕತ್ತಿ ತೊಳೆಯುತ್ತಿದ್ದ. ಬಲಗೈ ಮಣಿಕಟ್ಟಿಗೆ ಕತ್ತಿ ತಾಗಿದ್ದಕ್ಕೆ ಅರಿವೆ ಸುತ್ತಿದ್ದ.

"ಯಾರದು?" ಅಂದೆ. ಎರಡು ವರ್ಷದ ಆಣೆ ಒಂದು ಮಾತಿಗೆ ಮುರಿಯಿತು.

"ಗೌಡರದು. ಎಂಥಾ ಎತ್ತ ಅಂತಿ! ಮೈಮ್ಯಾಲ ಒಂದ ಗೀರ ಇಲ್ಲ."

"ಹುಗಿ ಅಂತ ಹೇಳ್ಲಿಲ್ಲೇನು?"

"ಹುಗ್ಯಾಕ? ಎರಡ ಬಾರು, ಒಂದ ಮಿಣಿ ಮಾಡಿ ತಾ ಅಂದ್ರು. ಲಗೂನ ಎಳಕೊಂಡ ಹೋಗು, ನಾರತೈತಿ ಅಂದ್ರು."

ಒಲೆಯ ಮೇಲಿನ ಗಡಿಗೆ ಒದ್ದೆ. ಸಾರು ಬೂದಿಯಲ್ಲಿ ಬುಸುಗುಟ್ಟಿತು. ಅವ್ವ ಹುಲಿಗೆವ್ವ ಬಾಯಿ ಬಡಿದುಕೊಂಡಳು. "ತಿನ್ನೂದಕ್ಕ ಒದೀತಿ? ಬಿಳಿ ಅಂಗಿ ಹಾಕ್ಕೊಂಡ ಕೂಡ್ಲೆ ನಿನ್ನ ಹಸಿವಿ ಎಲ್ಲಿ ಹೋತೋ ಭಾಡ್ಯಾ?" ಚರ್ಮ ಎಳೆದು ಎಣ್ಣೆ ಸುರುವಿ ಸುಟ್ಟೆ. ಖಂಡ ಹಂಚಿದ ಮನೆಮನೆಗೆ ಹೋಗಿ ಕೈ ಮುಗಿದೆ. ಇಬ್ಬರು ತಂದು ಬೆಂಕಿಗೆ ಸುರಿದರು. ಉಳಿದವರು ಬಾಗಿಲು ಹಾಕಿಕೊಂಡರು.

ಮರುದಿನ ಮುಂಜಾನೆ ಗೌಡರ ಕಟ್ಟೆಗೆ ಹೋದೆ. ಹುಗಿಸುತ್ತೇನೆ ಅಂದಿದ್ದಿರಲ್ಲ ಅಂದೆ. ಕೂಗಿದೆ ಅಂತಲೇ ಅನ್ನಿ.

"ದನಿ ಇಳಸು. ನಿಮ್ಮಪ್ಪನ ಕೈಯಾಗ ಕೊಟ್ಟೆ, ಹುಗಿಯೂದು ಬಿಡೂದು ಅಂವನ ಪಾಳಿ. ನೆರಡಿ ಅಂತ ನಿನಗ ಗೊತ್ತಿತ್ತಲ್ಲ, ನೀ ಯಾಕ ಹೇಳ್ಲಿಲ್ಲ? ಮನ್ಯಾಗಿನ ಅಪ್ಪಗ ಹೇಳಲಾರದಂವ ಊರಿಗೆ ಶಾಣ್ಯಾತನಾ ಹೇಳಾಕ ಬಂದಾನ."

ಅವನ ಹಲ್ಲು ಉದುರಿಸಬೇಕು ಅಂತ ಹೋದವನ ಕೈ ಅಲ್ಲೇ ಸತ್ತುಹೋಯಿತು. ಸುಳ್ಳ ನನ್ಮಗ ಅದೊಂದು ಮಾತು ಖರೇ ಹೇಳಿದ್ದ.

ಮೂರನೇ ದಿನ ಅಪ್ಪನ ಮಣಿಕಟ್ಟಿನ ಮೇಲೆ ಗುಳ್ಳೆ ಎದ್ದಿತು. ಐದನೇ ದಿನ ಅದರ ನಡುವೆ ಇದ್ದಲಿ ಚೂರು ಇಟ್ಟಂತೆ ಕರ್ರಗಾಯಿತು, ಕೈ ಬಗಲತನಕ ಬಾತಿತು.

"ಏನೂ ನೋವಿಲ್ಲ ತಮ್ಮಾ. ನೋಡಿಲ್ಲಿ," ಅಂತ ಅಪ್ಪ ಅದನ್ನು ಬೆರಳಿನಿಂದ ಒತ್ತಿ ನಕ್ಕ. ಅದಕ್ಕೇ ನನಗೆ ಹೆದರಿಕೆಯಾಯಿತು. ನೋವಿರುವುದಿಲ್ಲ ಅಂತ ಡಾಕ್ಟರು ಹಿಂದೆ ಹೇಳಿದ್ದರು. ಗಾಜಿನ ರಕ್ತ ನೋಡಿದ ಮೇಲೆ ಅವರೇ ಚೀಟಿ ಬರೆದುಕೊಟ್ಟರು. ಅಪ್ಪನನ್ನು ಬಸ್ಸಿಗೆ ಹತ್ತಿಸಿ ಬಿಜಾಪುರದ ದೊಡ್ಡ ದವಾಖಾನಿಗೆ ಒಯ್ದೆ. ಹನ್ನೆರಡು ದಿನ ನೆಲದ ಮೇಲೆ ಚಾಪೆ ಹಾಸಿ ಕಾಯ್ದೆ.

ಅಪ್ಪ ಬದುಕಿದ. ಬಲಗೈ ಬದುಕಲಿಲ್ಲ. ಮಣಿಕಟ್ಟು ಒಳಗೆ ಸೇದಿ, ಬೆರಳು ಕೋಳಿ ಕಾಲಿನಂತೆ ಮಡಚಿಕೊಂಡವು. ಖಂಡ ತಿಂದ ಯಾರಿಗೂ ಏನೂ ಆಗಲಿಲ್ಲ. "ಮಾನ್ಯಾನ ಬ್ಯಾನಿ ಬರೇ ಮಾನ್ಯಾನ ಮನೀಗೇ ಬರತೈತಿ," ಅಂತ ಕೇರಿ ನಕ್ಕಿತು.

ಆಮೇಲೆ ತಿಂಗಳೂ ಆಗಿರಲಿಲ್ಲ. ಸಿದ್ದರಾಯನ ಆಕಳಿಗೆ ಹೊಟ್ಟೆ ಉಬ್ಬರ. ಎಣ್ಣೆ ಕುಡಿಸಿದೆ, ತಿಕ್ಕಿದೆ, ಕೊನೆಗೆ ಎಡ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತೆಗೆದೆ. ನಾಲ್ಕಕ್ಕೆ ಸತ್ತಿತು. ಐದಕ್ಕೆ ಮೈ ತೊಳೆದು ಬಿಳಿ ಅಂಗಿ ತೊಟ್ಟು, ಅಪ್ಪನ ಕೈಗೆ ಎಣ್ಣೆ ಹಚ್ಚೋಣ ಅಂತ ಮೊದಲು ಮನೆಗೆ ಹೋದೆ. ಬಾಗಿಲಲ್ಲಿ ಸಿದ್ದರಾಯ ನಿಂತಿದ್ದ.

"ಚಂದ್ರಾಮಾ, ಆಕಳ ಎಳೀ ಬಾ. ಪಾಳಿ ನಿಮ್ಮದು."

ಅಪ್ಪ ಎದ್ದ. ಎಡಗೈಯಿಂದ ಹಗ್ಗ ತೆಗೆದುಕೊಂಡ. ಗಂಟು ಹಾಕಲು ಬರಲಿಲ್ಲ, ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬೈಯುತ್ತಿದ್ದೆ. ಅವ್ವ ಒಳಗಿನಿಂದ, "ಎಳೀಲಿಲ್ಲಂದ್ರ ಊರವರು ನೀರ ಬಂದ ಮಾಡ್ತಾರೋ," ಅಂದಳು, ಅಷ್ಟೇ.

ಹಗ್ಗ ನಾನು ಎತ್ತಿಕೊಂಡೆ.

ಅರ್ಧ ದಿನ ನಾನೇ ಹೊಟ್ಟೆ ತಿಕ್ಕಿದ ಆಕಳನ್ನು ನಾನೇ ಕಾಲು ಕಟ್ಟಿ ಹಳ್ಳದ ದಂಡೆಗೆ ಎಳೆದೆ. ಇದು ನೆರಡಿ ಅಲ್ಲ, ಬರೀ ಉಬ್ಬರ. ಕೇರಿ ಎರಡು ದಿನ ಹೊಟ್ಟೆ ತುಂಬ ಉಣ್ಣುತ್ತಿತ್ತು. ಆದರೂ ತಗ್ಗು ತೋಡಿದೆ.

"ಹುಗ್ಯಾಕತ್ತೀಯೇನಲೇ? ನನ್ನ ಮಿಣಿ?" ಸಿದ್ದರಾಯ ದಂಡೆಯ ಮೇಲೆ ನಿಂತು ಒದರಿದ. ನಾನು ಮಣ್ಣು ಎಳೆಯುತ್ತಲೇ ಇದ್ದೆ. "ಮುಂದಿನ ಸಲ ಕೊಯ್ಯೂದ ಕಲಕೊಂಡ ಬಾ, ಡಾಕ್ಟರಾ," ಅಂತ ಉಗುಳಿ ಹೋದ.

ಮುಂದಿನ ಸಲ. ಹೌದು, ಅದು ಇದ್ದೇ ಇದೆ.

ಮಶಾಕಸಾಬನ ಹೋಟೆಲಿನ ಮುಂದೆ ಬಂದಾಗ ಬಿಳಿ ಅಂಗಿ ಮಣ್ಣು, ರಕ್ತ, ಸಗಣಿ ಆಗಿತ್ತು. ಬಾಕಿನ ಮೇಲಿದ್ದವರು ಮೂಗು ಮುಚ್ಚಿಕೊಂಡು ಅತ್ತ ಸರಿದರು.

"ಬಾರೋ ಮಾನಪ್ಪಾ, ಚಾ ಇಟ್ಟೇನಿ. ಕುಂದ್ರು," ಅಂದ ಮಶಾಕಸಾಬ. ಡಾಕ್ಟರಾ ಅನ್ನಲಿಲ್ಲ.

"ಇಲ್ಲೇ ಕೊಡು ಕಾಕಾ."

ಹೊರಗೆ ನಿಂತೇ ಕುಡಿದೆ. ಕುಡಿದು, ಬಾನಿಯ ನೀರಿನಿಂದ ಕಪ್ಪು ಬಶಿ ತೊಳೆದು ಕಟ್ಟೆಯ ತುದಿಗೆ ಬೋರಲು ಇಟ್ಟೆ. ತೊಳಿ ಅಂತ ಯಾರೂ ಹೇಳಿರಲಿಲ್ಲ.