ಭಾನುವಾರ ಗಾಡಿ ಕಟ್ಟಬಹುದೇ?

ನಮ್ಮ ಹ್ಯಾಡ್‌ವೆಲ್ ಹಳ್ಳಿಯಲ್ಲಿ ಭಾನುವಾರವೆಂದರೆ ಸಬ್ಬತ್ತು, ಯಾವ ಕೆಲಸವನ್ನೂ ಮಾಡಬಾರದ ದೇವರ ದಿನ. ಅಡುಗೆಗೂ ಒಲೆ ಹಚ್ಚುವುದಿಲ್ಲ. ಶನಿವಾರ ಬೇಯಿಸಿದ ಕಾಳನ್ನೇ ತಣ್ಣಗೆ ತಿನ್ನುತ್ತೇವೆ. ಇನ್ನು ಗಾಡಿ ಕಟ್ಟಿದವನು ನೇರ ನರಕಕ್ಕೇ ಗಾಡಿ ಕಟ್ಟಿದ ಹಾಗೆ. ನಮ್ಮ ಮಡಿ ಅಷ್ಟು ಗಟ್ಟಿ.

ಅಂಥ ಒಂದು ಭಾನುವಾರ ಬೆಳಿಗ್ಗೆ ಡಾರ್ಕಸ್ ಓಡೋಡಿ ಬಂದು ಕೆಜಾಯಳ ಅಡುಗೆಮನೆಗೆ ನುಗ್ಗಿದಳು. ದಕ್ಷಿಣದ ರಾಜ್ಯಗಳ ಹತ್ತಿ ತೋಟದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಊರವರ ಬಟ್ಟೆ ಒಗೆದು ಬದುಕುತ್ತಿದ್ದವಳು ಅವಳು.

"ಅಮ್ಮಾ, ತೋಟದ ಮೇಸ್ತ್ರಿ ಬಂದವ್ನೆ! ಕಣ್ಣಾರೆ ನೋಡ್ದೆ. ನನ್ನ ಕಟ್ಟಿ ಎಳ್ಕೊಂಡು ಹೋಗ್ತಾನೆ."

ಕೆಜಾಯಳ ಗಂಡ ಅಬೀಜಾ ಚರ್ಚಿನ ಸಭೆಯ ಹಿರಿಯ. ಆರಾಧನೆಗೆ ಹೊರಟು ನಿಂತಿದ್ದ.

"ರೀ, ಗಾಡಿ ಕಟ್ಟಿ. ನಮ್ಮಕ್ಕನ ಮನೆ ಮುಟ್ಟಿಸಿಬಿಡೋಣ. ಅಲ್ಲಿಂದ ಕೆನಡಾಕ್ಕೆ ಅವರೇ ದಾಟಿಸ್ತಾರೆ, ಅಲ್ಲಿ ಗುಲಾಮಗಿರಿ ಇಲ್ಲ."

"ತಲೆ ನೆಟ್ಟಗಿದೆಯೇನೇ? ಇವತ್ತು ಸಬ್ಬತ್ತು! ನಾಳೆ ಕೋಳಿ ಕೂಗೋ ಹೊತ್ತಿಗೆ ಹೊರಡ್ತೀನಿ."

"ಅಲ್ಲೀವರ್ಗೂ ಅವ್ನು ಮಲಗಿರ್ತಾನೆ ಅಂತ ಯಾರ್ರೀ ಬರ್ಕೊಟ್ರು?"

ಅಬೀಜಾ ಜಗ್ಗಲಿಲ್ಲ. ಕೆಜಾಯ ಡಾರ್ಕಸಳನ್ನು ನೆಲಮಾಳಿಗೆಗೆ ಇಳಿಸಿ, ಗಂಡನ ಹಿಂದೆಯೇ ಓಡಿ, ದೇವಾಲಯದ ಮೆಟ್ಟಿಲ ಮೇಲೆ ವಿಟ್ಕಂ ಪಾದ್ರಿಗಳನ್ನು ಹಿಡಿದು ಎಲ್ಲವನ್ನೂ ಹೇಳಿದಳು. ಗುಲಾಮಗಿರಿ ಪಾಪ ಎಂದು ಬೋಧಿಸಿದ್ದಕ್ಕೆ ಪಟ್ಟಣದ ಶ್ರೀಮಂತ ಸಭೆ ಹೊರಹಾಕಿದ್ದ ಪಾದ್ರಿಗಳು ಅವರು. ಈಗ ಅವರ ಮಾತು ಕೇಳಲು ಸುತ್ತಲಿನ ಊರವರು ಶನಿವಾರವೇ ಬಂದು ತಂಗುತ್ತಿದ್ದರು.

"ಅಬೀಜಾ," ಎಂದರು ಪಾದ್ರಿಗಳು, "ಇವತ್ತು ನಿಮ್ಮ ಎತ್ತು ಬಾವಿಗೆ ಬಿದ್ರೆ ಸೋಮವಾರ ಎತ್ತುತ್ತೀರೋ?"

"ಎಲ್ಲಾದ್ರೂ ಉಂಟೇ? ಅಷ್ಟರಲ್ಲಿ ಸತ್ತೇ ಹೋಗುತ್ತೆ."

"ಡಾರ್ಕಸ್‌ನ ಎತ್ತಿನಷ್ಟಾದ್ರೂ ಕಾಣ್ರಯ್ಯ! ಭಾನುವಾರ ಭಕ್ತರು ಅಲ್ಲಾಡಲ್ಲ ಅಂತ ತಿಳ್ಕೊಂಡೇ ಅವ್ನು ಬಂದಿರೋದು."

ಅಬೀಜಾನ ಮುಖ ಕಪ್ಪಿಟ್ಟಿತು. ಮನೆಗೆ ಹೋಗಿ ಕುದುರೆ ಹೂಡಿದ. ಡಾರ್ಕಸಳನ್ನು ಹುಲ್ಲಿನಡಿ ಮಲಗಿಸಿ ಕೆಜಾಯ ಅವನ ಪಕ್ಕ ಕುಳಿತಳು.

ಸೇತುವೆಯ ಹತ್ತಿರ ಮೇಸ್ತ್ರಿ ಅಡ್ಡ ನಿಂತಿದ್ದ. "ಹುಲ್ಲಿನಲ್ಲೇನಿದೆ?"

ಅಬೀಜಾ ಹುಟ್ಟಿದಾಗಿನಿಂದ ಸುಳ್ಳಾಡಿದವನಲ್ಲ. ಕೆಜಾಯ ಕಣ್ಣು ಮುಚ್ಚಿಕೊಂಡಳು. ಆಗ ಹಿಂದಿನಿಂದ ಹಾಡು ಕೇಳಿಸಿತು. ಪಾದ್ರಿಗಳು ಇಡೀ ಸಭೆಯನ್ನೇ ನಡೆಸಿಕೊಂಡು ಬಂದಿದ್ದರು. ಯಾರೂ ಅವನ ಮೈ ಮುಟ್ಟಲಿಲ್ಲ. ಹಾಡುತ್ತಲೇ ಅವನಿಗೂ ಗಾಡಿಗೂ ನಡುವೆ ಒತ್ತೊತ್ತಾಗಿ ನಿಂತರು.

"ಓಡಿಬಂದ ಗುಲಾಮರನ್ನ ಹಿಡಿಯೋಕೆ ನೀವೂ ಕೈ ಹಾಕ್ಬೇಕು, ಕಾನೂನೇ ಇದೆ!" ಎಂದು ಮೇಸ್ತ್ರಿ ಅರಚಿದ.

ಅಬೀಜಾ ಲಗಾಮು ಜಗ್ಗಿ ಹೇಳಿದ: "ನಾಳೆ ಬಾರಪ್ಪ. ಸಬ್ಬತ್ ದಿನ ಈ ಊರಲ್ಲಿ ಯಾರೂ ಕೆಲಸ ಮಾಡಲ್ಲ."

ಗಾಡಿ ಸೇತುವೆ ದಾಟಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಂಥವನು ನಾಳೆ ನಿಮ್ಮೂರಿಗೂ ಬಂದಾನು. ನೆರೆಯವರ ವಿಚಾರ ಕೇಳಿದರೆ ಬಾಯಿ ಬಿಡಬೇಡಿ. ಒಬ್ಬರೇ ಎದುರಿಸಬೇಡಿ, ಊರನ್ನು ಕರೆಯಿರಿ. ಜೀವ ಉಳಿಸಿಕೊಳ್ಳಲು ಯಾರಾದರೂ ಬಾಗಿಲು ತಟ್ಟಿದರೆ ವಾರ ಯಾವುದೆಂದು ನೋಡದೆ ಗಾಡಿ ಕಟ್ಟಿ.