ಕಸವಿಲ್ಲದ ಊರು

ಮನೆಗೆ ಯಾರಾದರೂ ಬರುತ್ತಾರೆಂದರೆ ಅಂಗಳ ಗುಡಿಸಿ ಸಗಣಿ ನೀರು ಹಾಕುವುದನ್ನು ಕನಕಪುರದ ಸೀಮೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೆಣಚುಕಲ್ಲುದೊಡ್ಡಿಯವರು ಮಾಡಿದ್ದೂ ಅಷ್ಟೇ. ಅದೇ ಅವರಿಗೆ ಮುಳುವಾಯಿತು.

ಬೆಂಗಳೂರಿನ ಒಂದು ಸಂಸ್ಥೆಯವರು ಊರಿನ ಅಂಗನವಾಡಿಗೆ ಇನ್ನೊಂದು ಕೋಣೆ ಕಟ್ಟಿಕೊಡುತ್ತೇವೆ ಎಂದಿದ್ದರು. ಪ್ಲಾಸ್ಟಿಕ್ಕು, ಮುರಿದ ಇಟ್ಟಿಗೆ, ಒಡೆದ ಕಾಂಕ್ರೀಟು ಎಲ್ಲವನ್ನೂ ಮೆಷಿನ್ನಿನಲ್ಲಿ ಪುಡಿ ಮಾಡಿ, ಒತ್ತಿ, ಬ್ಲಾಕು ಮಾಡಿ ಕಟ್ಟುವ ಹಸಿರು ಕಟ್ಟಡವಂತೆ. ಊರಿನ ಕಸದಿಂದಲೇ ಊರಿನ ಕಟ್ಟಡ ಎನ್ನುವುದು ಅವರ ಹೆಗ್ಗಳಿಕೆ. ಟೀಚರ್ ಭಾನುಪ್ರಿಯ ಕೇಳಿ ಹಿಗ್ಗಿಹೋದಳು. ಇದ್ದ ಒಂದೇ ಕೋಣೆಯಲ್ಲಿ ಈ ಮೂಲೆಗೆ ಒಲೆ, ಆ ಮೂಲೆಗೆ ಮಲಗಿದ ಮಕ್ಕಳು. ಒಗ್ಗರಣೆ ಹಾಕಿದರೆ ಸಾಕು, ಮಕ್ಕಳು ಕೆಮ್ಮುತ್ತಾ ಎದ್ದು ಕೂರುತ್ತಿದ್ದವು. ಆ ಒಲೆಯನ್ನು ಬೇರೆ ಕೋಣೆಗೆ ಸಾಗಿಸಿದರೆ ತನ್ನ ಜನ್ಮ ಸಾರ್ಥಕ ಎಂದುಕೊಂಡಿದ್ದಳು.

ಸಂಸ್ಥೆಯವರು ನೋಡಲು ಬರುವ ದಿನ ಬೆಳಿಗ್ಗೆ ಅವಳೇ ಬೀದಿಬೀದಿ ತಿರುಗಿ ಹೆಂಗಸರನ್ನು ಹೊರಡಿಸಿದಳು. "ಬಂದೋರು ನಮ್ಮೂರ ಕೊಳಕು ನೋಡ್ಕೊಂಡು ಹೋಗ್ಬೇಕಾ? ಒಸಿ ಕೈ ಹಾಕ್ರವ್ವ," ಎಂದಳು. ಕಸಕ್ಕೇನು ಬರವೇ, ಕೆಲಸ ಶುರುವಾಗುವ ಹೊತ್ತಿಗೆ ಮತ್ತೆ ಬೀಳುತ್ತದೆ ಎಂದು ಎಲ್ಲರೂ ಅಂದುಕೊಂಡರು. ಚರಂಡಿ ಬಳಿದು, ಡೇರಿ ಮುಂದಿನ ಕವರುಗಳನ್ನೆಲ್ಲ ಆಯ್ದು, ಟ್ರ್ಯಾಕ್ಟರಿಗೆ ತುಂಬಿ ನೀರು ನಿಂತ ಹಳೇ ಕ್ವಾರಿ ಹೊಂಡಕ್ಕೆ ಸುರಿದರು. ಬಾಗಿಲುಬಾಗಿಲಿಗೂ ರಂಗೋಲಿ ಬಿತ್ತು.

ಸಂಸ್ಥೆಯ ಇಂಜಿನಿಯರ್ ಪುನೀತ್ ಮಜ್ಜಿಗೆ ಕುಡಿದ, ಊರು ಸುತ್ತಿದ, ಆಮೇಲೆ ತಲೆ ಕೆರೆದುಕೊಂಡ.

"ಊರು ತುಂಬಾ ಕ್ಲೀನಾಗಿದೆ ಮೇಡಂ. ಆದ್ರೆ ಕಸ ಎಲ್ಲಿ? ಇವತ್ತು ಅಂದಾಜು ತೋರಿಸಿದ್ರೇನೇ ಕೆಲಸ ಮಂಜೂರಾಗೋದು."

"ಹೊಂಡಕ್ಕೆ ಹಾಕಿದ್ದೀವಿ ಸಾರ್, ಎತ್ತಿಕೊಡ್ತೀವಿ."

"ನೆನೆದಿರೋದು ಮೆಷಿನ್ನಿಗೆ ಆಗಲ್ಲ."

"ಹಂಗಾರೆ ಕ್ವಾರಿ ಪಕ್ಕ ಕಲ್ಲುಚೂರು ಗುಡ್ಡದಂಗೆ ಬಿದ್ದೈತಲ್ಲ?"

"ಅದು ಕ್ವಾರಿಯವರದ್ದು, ನಮ್ಮ ಪ್ರಾಜೆಕ್ಟಿಗೆ ಬರಲ್ಲ. ನಮಗೆ ಹಳೇ ಕಟ್ಟಡದ ಅವಶೇಷ ಬೇಕು," ಎಂದವನು ಮಾತು ನಿಲ್ಲಿಸಿ ಅಂಗನವಾಡಿಯ ಚಾವಣಿಯನ್ನೇ ನೋಡುತ್ತಾ ನಿಂತ. ಭಾನುಪ್ರಿಯಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನೊಂದು ಲೋಟ ಮಜ್ಜಿಗೆ ತರಲು ಹೋದಳು.

ಭಾನುವಾರ, ಅಂಗನವಾಡಿಗೆ ಬೀಗ ಬಿದ್ದಿರುವ ದಿನ ನೋಡಿಕೊಂಡು ಜೆಸಿಬಿ ಬಂತು. ಸದ್ದು ಕೇಳಿ ಅವಳು ಓಡಿಬರುವಷ್ಟರಲ್ಲಿ ಒಂದು ಗೋಡೆ ಮಲಗಿತ್ತು. ಅವಳ ಮಾವ ಬೋರಲಿಂಗಯ್ಯ ಕೋಲೂರಿಕೊಂಡು ಎದುರಿಗೇ ನಿಂತಿದ್ದರು. ಚಾವಣಿಯ ಕಲ್ಲುಚಪ್ಪಡಿಗಳನ್ನು ಹರೆಯದಲ್ಲಿ ಹೆಗಲು ಕೊಟ್ಟು ಮೇಲೇರಿಸಿದವರಲ್ಲಿ ಅವರೂ ಒಬ್ಬರು. ಅದಕ್ಕೂ ಮೊದಲು ಆ ಚಪ್ಪಡಿಗಳು ಪಟೇಲರ ಕೊಟ್ಟಿಗೆಯ ಮೇಲಿದ್ದವು. ಅದಕ್ಕೂ ಹಿಂದೆ ಎಲ್ಲಿದ್ದವೋ, ಊರ ದೇವರು ಬಸಪ್ಪನಿಗೇ ಗೊತ್ತು. ಈ ಕಡೆ ಹಳೇ ಮನೆ ಬಿಚ್ಚುವುದೆಂದರೆ ಹಾರೆ ಹಾಕಿ ಒಂದೊಂದೇ ಚಪ್ಪಡಿ ಇಳಿಸಿ ಇನ್ನೊಬ್ಬರ ಮನೆಗೆ ಏರಿಸುವುದು. ಚಪ್ಪಡಿಯನ್ನು ಯಾರೂ ಒಡೆದದ್ದಿಲ್ಲ.

"ಒಡೀತಾವ್ರಲ್ಲವ್ವ," ಎಂದರು ಬೋರಲಿಂಗಯ್ಯ.

ಭಾನುಪ್ರಿಯ ಪುನೀತನ ಎದುರಿಗೆ ಹೋಗಿ ನಿಂತಳು. "ಯಾರ್ನ ಕೇಳಿ ಕೆಡವ್ತಿದ್ದೀರಿ?"

"ಮೇಲಿಂದ ಒಪ್ಪಿಗೆ ಆಗಿದೆ ಮೇಡಂ. ಶಿಥಿಲ ಕಟ್ಟಡ."

"ಶಿಥಿಲನಾ? ಒಂದು ಗೋಡೆ ಬೀಳಿಸಕ್ಕೇ ನಿಮ್ಮ ಜೆಸಿಬಿ ಏದುಸಿರು ಬಿಡ್ತಾ ಐತೆ. ಕಸ ಸಿಗ್ನಿಲ್ಲ ಅಂತ ಮಕ್ಕಳ ಮನೆ ಒಡೆದು ಕಸ ಮಾಡ್ತಿದ್ದೀರಲ್ಲ ಸಾರ್, ಹೊಟ್ಟೆಗೆ ಏನ್ ತಿಂತೀರಿ?"

ಅವನು ಫೋನು ಕಿವಿಗಿಟ್ಟುಕೊಂಡು ಆಚೆ ನಡೆದ. ಮುಂದಿನ ಚಪ್ಪಡಿ ಬಿತ್ತು. ಅವನ ಮೇಲಿಗಿಂತ ಹೆಚ್ಚು ತನ್ನ ಪೊರಕೆಯ ಮೇಲೇ ಅವಳಿಗೆ ಸಿಟ್ಟು ಬಂತು.

ಬೇಸಿಗೆ ಕಳೆಯುವಷ್ಟರಲ್ಲಿ ಹೊಸ ಕಟ್ಟಡ ಎದ್ದಿತು. ಒಂದೇ ಕೋಣೆ. ಈ ಮೂಲೆಗೆ ಒಲೆ, ಆ ಮೂಲೆಗೆ ಮಕ್ಕಳು. ಬೂದು ಬಣ್ಣದ ಗೋಡೆಗೆ ಹಸಿರು ಬೋರ್ಡು: 'ನೂರಕ್ಕೆ ನೂರು ತ್ಯಾಜ್ಯದಿಂದ ನಿರ್ಮಿತ.' ಉದ್ಘಾಟನೆಗೆ ಕಾರುಗಳು ಬಂದವು, ಟೇಪು ಕತ್ತರಿಸಿದರು, ಚಪ್ಪಾಳೆ ತಟ್ಟಿದರು. ಬೋರಲಿಂಗಯ್ಯ ಸೊಸೆಯ ಕೈಯಲ್ಲಿ ಬೋರ್ಡು ಓದಿಸಿ ಕೇಳಿದರು. "ತ್ಯಾಜ್ಯ ಅಂದ್ರೆ ಏನವ್ವ?"

"ಕಸ ಮಾವ."

ಬೋರಲಿಂಗಯ್ಯ ಗೋಡೆಯನ್ನು ಒಮ್ಮೆ ಸವರಿ, ಊಟಕ್ಕೂ ನಿಲ್ಲದೆ ಹೊರಟುಹೋದರು. ಕಸವಂತೆ ಕಸ. ಚಪ್ಪಡಿಗಳನ್ನು ಹೆಗಲ ಮೇಲೆ ಹೊತ್ತವರ ಮುಂದೆ ಆ ಮಾತು ಹೇಳಬೇಕಾಗಿ ಬಂದದ್ದಕ್ಕೆ ಭಾನುಪ್ರಿಯ ನಾಲಿಗೆ ಕಚ್ಚಿಕೊಂಡಳು.

ಪಕ್ಕದೂರಿನ ಅಂಗನವಾಡಿ ಟೀಚರ್ ಧನಲಕ್ಷ್ಮಿ ಕೈಯಲ್ಲಿ ಲಾಡು ಹಿಡಿದು ಹತ್ತಿರ ಬಂದಳು. ಅವಳದ್ದೂ ಚಪ್ಪಡಿ ಹಾಕಿದ ಹಳೇ ಕೋಣೆಯೇ.

"ಸೋಮವಾರ ನಮ್ಮೂರು ನೋಡಕ್ಕೆ ಬತ್ತಾರಂತೆ ಕಣಕ್ಕ. ಇವತ್ತೇ ಬೀದಿ ಗುಡಿಸಕ್ಕೆ ಹೇಳ್ಬುಟ್ಟು ಬಂದಿವ್ನಿ."

ಭಾನುಪ್ರಿಯ ಅವಳ ರಟ್ಟೆ ಹಿಡಿದು ಕಟ್ಟಡದ ಹಿಂದಕ್ಕೆ ಎಳೆದುಕೊಂಡು ಹೋದಳು. "ಗುಡಿಸ್ಬೇಡ. ಫೋನ್ ಮಾಡಿ ಈಗ್ಲೇ ನಿಲ್ಲಿಸು."

"ಅಯ್ಯೋ, ಬಂದೋರು ಏನಂದ್ಕೋತಾರೆ? ಮಾನ ಹೋಗಲ್ವಾ?"

"ಹೋಗ್ಲಿ ಬುಡು. ಮಾನ ಉಳಿಸ್ಕೊಳ್ಳಕ್ಕೆ ಹೋಗೇ ನಾವು ಮನೆ ಕಳ್ಕೊಂಡಿದ್ದು. ನಿಮ್ಮೂರಲ್ಲಿ ಕಸ ಸಾಲ್ದಿದ್ರೆ ಹೇಳು, ಈ ಕಾರ್ಯಕ್ರಮದ ಎಲೆ, ಲೋಟ, ಬಾಟ್ಲು ಎಲ್ಲ ಬಿದ್ದವೆ. ಟ್ರ್ಯಾಕ್ಟರ್ ಮಾಡಿ ನಾನೇ ಕಳಿಸ್ತೀನಿ."

ಧನಲಕ್ಷ್ಮಿ ಫೋನು ತೆಗೆದಳು. ಭಾನುಪ್ರಿಯ ಸೀರೆ ಸೆರಗು ಸಿಕ್ಕಿಸಿಕೊಂಡು ಪೆಂಡಾಲಿನೊಳಕ್ಕೆ ನಡೆದು, ಅತಿಥಿಗಳು ಕುಡಿದು ಬಿಸಾಡಿದ ಲೋಟಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬತೊಡಗಿದಳು. ವೇದಿಕೆಯ ಮೇಲಿದ್ದ ಯಾರೋ ಅದನ್ನು ನೋಡಿ, ಈ ಊರಿನವರ ಸ್ವಚ್ಛತೆ ನಾಡಿಗೇ ಮಾದರಿ ಎಂದು ಮೈಕಿನಲ್ಲಿ ಹೊಗಳಿದರು.